ಟೈಲರಮ್ಮನ ಹದಿನಾಲ್ಕು ಮೆಟ್ಟಿಲು

ಬೇರೆಯವರು ತೆಗೆದ ಅಳತೆಯನ್ನು ಟೈಲರಮ್ಮ ಜನ್ಮದಲ್ಲಿ ನಂಬಿದವಳಲ್ಲ. ನಲವತ್ತೊಂದು ವರ್ಷ ಬೀದಿಯವರ ಹೊಟ್ಟೆ, ಸೊಂಟ, ತೋಳು ಅಳೆದವಳು. ಯಾರು ದಪ್ಪಗಾದರು, ದಪ್ಪಗಾಗಿಲ್ಲವೆಂದು ಯಾರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ ಎಂಬುದೆಲ್ಲ ಅವಳ ಬೆರಳಿಗೆ ಗೊತ್ತಿತ್ತು.

ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಎರಡು ಗೋಡೆಗಳ ಸಂದಿಯಲ್ಲಿ ಹದಿನಾಲ್ಕು ಮೆಟ್ಟಿಲು. ಈಚೆಗೆ ಅವಳ ಮೊಣಕಾಲುಗಳು ಮಡಚುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದವು. ಅಂಗಡಿ ಸೇರಿಕೊಂಡರೆ ಚಿಂತೆಯಿರಲಿಲ್ಲ. ಎತ್ತರದ ಸ್ಟೂಲು, ಮೋಟಾರಿನ ಮಿಷಿನ್ನು, ಕಾಲು ಚಾಚಿಕೊಂಡೇ ಹೊಲಿಯಬಹುದು. ಸೇರಿಕೊಳ್ಳುವುದೇ ಪಾಡು. ಗಂಡ ನಿವೃತ್ತ ಪೋಸ್ಟ್‌ಮ್ಯಾನ್, ಬೀದಿಗೆಲ್ಲ ಅಂಚೆಯಣ್ಣ. ಹೋದ ವರ್ಷ ಲಕ್ವ ಹೊಡೆದು ಅವನ ಎಡಗೈಗೆ ಹಿಡಿತ ತಪ್ಪಿತ್ತು, ಎಡಗಾಲು ಎಳೆಯುತ್ತಿತ್ತು. ದಿನಾ ಮೆಟ್ಟಿಲು ಹತ್ತಿ ಇಳಿಯಬೇಕು, ಬೀದಿ ಸುತ್ತಬೇಕು, ಕೂತರೆ ಕೆಟ್ಟಿರಿ ಎಂದು ವ್ಯಾಯಾಮ ಮಾಡಿಸುವವಳು ಹೆದರಿಸಿದ್ದಳು. ಇಬ್ಬರನ್ನೂ ಬಿಚ್ಚಿ ಕೂಡಿಸಿ ಹೊಲಿದರೆ ಒಂದು ಗಟ್ಟಿ ಆಳು ತಯಾರಾಗುತ್ತದೆ ಎಂದು ಟೈಲರಮ್ಮ ನಗುತ್ತಿದ್ದಳು.

ಒಂದು ಬೆಳಗ್ಗೆ ಪಕ್ಕದ ಬೀದಿಯಲ್ಲಿದ್ದ ಮಗಳು ಬಂದಾಗ ತಾಯಿ ಕುಂಡಿಯೂರಿ ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿಯುತ್ತಿದ್ದಳು. ಮಗಳು ಕೆಂಡವಾದಳು.

“ಅಂಗಡಿ ಖಾಲಿ ಮಾಡ್ಸಿ ಅಲ್ಲೇ ನಿಮ್ಮಿಬ್ಬರಿಗೂ ಮಂಚ ಹಾಕಿಸ್ತೀನಿ. ಮೆಟ್ಟಿಲ ರಗಳೆಯೇ ಬೇಡ.”

“ಮಿಷಿನ್ ಎಲ್ಲಿಡ್ತೀಯೆ, ನನ್ನ ಎದೆ ಮೇಲಾ?”

“ಹೊಲಿದಿದ್ದು ಸಾಕಲ್ವೇನಮ್ಮ?”

ಟೈಲರಮ್ಮನಿಗೆ ಸೂಜಿ ಚುಚ್ಚಿ ಅಭ್ಯಾಸವಿತ್ತು. ಆ ‘ಸಾಕು’ ಚುಚ್ಚಿದ್ದೇ ಬೇರೆ ಥರ. ಜಗಳವಾಡಿ, ಅತ್ತು, ಒಂದು ತಿಂಗಳ ಗಡುವು ಪಡೆದಳು. ಅಷ್ಟರಲ್ಲಿ ಮೆಟ್ಟಿಲಿಗೆ ಏನಾದರೂ ವ್ಯವಸ್ಥೆ ಆಗಬೇಕು, ಇಲ್ಲದಿದ್ದರೆ ಮಂಚ.

ಕೈಕಾಲು ಆಗದವರ ಸಲಕರಣೆ ಮಾರುವ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ ಕಂಬಿಯ ಮೇಲೆ ಓಡುವ ಕುರ್ಚಿ ತೋರಿಸಿದ. ಗುಂಡಿ ಒತ್ತಿದರೆ ಕೂತಲ್ಲೇ ಮೇಲೆ ಹೋಗುತ್ತದಂತೆ.

“ಇವಳನ್ನ ಕೂರ್ಸಪ್ಪ, ನನಗೆ ಕೂರಬಾರದು ಅಂದಿದ್ದಾರೆ,” ಎಂದ ಅಂಚೆಯಣ್ಣ.

“ಮೊಣಕಾಲು ಮಡಚುತ್ತಾ ಅಮ್ಮ?” ಎಂದು ಟೈನವನು ಕೇಳಿದ.

“ಮಡಚದೆ ಏನು ದಾಡಿ?” ಎಂದು ಹಲ್ಲು ಕಚ್ಚಿ ಮಡಚಿಯೇ ತೋರಿಸಿದಳು. ಕಣ್ಣಲ್ಲಿ ನೀರು ಬಂತು, ಖುಷಿಗೆ ಎಂದು ಸುಳ್ಳು ಹೇಳಿದಳು. ಅಳತೆಗೆ ಆಳು ಕಳಿಸುತ್ತೇನೆಂದವನಿಗೆ ಚೆನ್ನಾಗಿ ಬೈಗುಳ ಬಿತ್ತು. “ನನ್ನ ಮನೆಗೆ ಬಂದು ಟೇಪ್ ಹಿಡಿಯೋ ಗಂಡು ಇನ್ನೂ ಹುಟ್ಟಿಲ್ಲ. ನಾನೇ ಅಳೆದು ಕೊಡ್ತೀನಿ.”

ಅಳೆದಳು. ಚೀಟಿಯಲ್ಲಿ ಅಗಲ ಇಪ್ಪತ್ತೊಂಬತ್ತು ಇಂಚು ಎಂದು ಬರೆದಳು.

ಕುರ್ಚಿ ಬಂತು. ಜೋಡಿಸುವ ಮೇಸ್ತ್ರಿ ಅರ್ಧ ದಿನ ಬೆವರು ಸುರಿಸಿ ಕೂರಿಸಿದ. ಕುರ್ಚಿ ಎರಡನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಪಾದ ಇಡುವ ಹಲಗೆ ಎದುರು ಗೋಡೆಗೆ ಕಚ್ಚಿ ನಿಂತಿತು. ಮೇಸ್ತ್ರಿ ತನ್ನ ಟೇಪು ತೆಗೆದ. ಇಪ್ಪತ್ತೇಳು.

“ಯಾವ ಪುಣ್ಯಾತ್ಮ ಅಳೆದಿದ್ದು?”

ಟೈಲರಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹೊಲಿಗೆಯ ಒಳಪಟ್ಟಿಗೆ ಎಂದು ಎರಡು ಇಂಚು ಸೇರಿಸಿ ಬರೆಯುವುದು ಅವಳ ಕೈಯ ಚಾಳಿ. ಗೋಡೆಗೂ ಸೇರಿಸಿದ್ದಳು! ಅಂಚೆಯಣ್ಣ ಸೊಟ್ಟ ಬಾಯಲ್ಲಿ ಬಿದ್ದು ಬಿದ್ದು ನಕ್ಕ. “ಗೋಡೆ ದಪ್ಪಗಾದ್ರೆ ಬಿಚ್ಚಿ ಸಡಿಲ ಮಾಡೋಕೆ ಇಟ್ಕೊಂಡಿದ್ದೇನೇ?” ಲಕ್ವ ಹೊಡೆದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು. ಆದರೂ ಟೈಲರಮ್ಮನಿಗೆ ಅವನನ್ನು ಕೊಲ್ಲಬೇಕೆನ್ನಿಸಿತು.

ಮೇಸ್ತ್ರಿ ಒಳ್ಳೆಯವನು. “ಕೂರೋದು ಬೇಡ, ನಿಂತೇ ಹೋಗೋದೂ ಇದೆ. ಕಾಲು ಮಡಚಬೇಕಾಗಿಲ್ಲ, ಇಷ್ಟೇ ಅಗಲ ಸಾಕು. ನಿಮಗೆ ಅದೇ ಸರಿ,” ಎಂದ. ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. “ಕಂಬಿ ಯಾವ ಗೋಡೆಗೆ ಹಾಕ್ಲಿ?” ಎಂದು ಮೇಸ್ತ್ರಿ ಕೇಳಿದ.

“ಮೇಲಿಂದ ನೋಡಿದ್ರೆ ಬಲಗಡೆಗೆ,” ಎಂದ ಅಂಚೆಯಣ್ಣ, ಕೇಳುವುದನ್ನೇ ಕಾಯುತ್ತಿದ್ದವನಂತೆ.

ಟೈಲರಮ್ಮ ಗಂಡನ ಕೈ ನೋಡಿದಳು. ಹಿಡಿಯುವ ಕೈ ಬಲಗೈ ಒಂದೇ. ಹತ್ತುವಾಗ ಒಂದು ಗೋಡೆ ಬಲಕ್ಕೆ, ಇಳಿಯುವಾಗ ಇನ್ನೊಂದು. ಕಂಬಿ ಯಾವ ಗೋಡೆಗೆ ಕೂತರೂ ಅಲ್ಲಿ ಹಿಡಿಯಲು ಜಾಗವಿಲ್ಲ, ಅವನ ಒಂದು ದಾರಿ ಹೋಯಿತು.

“ಅಲ್ರೀ, ಆ ಕಡೆ ಹಾಕಿದ್ರೆ ನೀವು ಏನು ಹಿಡ್ಕೊಂಡು ಇಳೀತೀರಿ?”

“ಇಳಿಯೋದೇ ಇಲ್ವಲ್ಲ. ಇಳೀದಿದ್ರೆ ಹತ್ತೋ ಗೋಜೂ ಇಲ್ಲ. ಊರೆಲ್ಲ ಒಂದ್ಸಲ ತುಳಿದಾಗಿದೆ ಬಿಡು.”

ಅವನು ಕಿಟಕಿಯ ಕಡೆ ತಿರುಗಿಕೊಂಡಿದ್ದ. ಮೂವತ್ತೈದು ವರ್ಷ ನಾಯಿ, ಗೇಟು, ಬಿಸಿಲು ಯಾವುದಕ್ಕೂ ಜಗ್ಗದೆ ನಡೆದ ಮನುಷ್ಯ ಇಷ್ಟು ಅಗ್ಗಕ್ಕೆ ಬೀದಿಯನ್ನು ಬಿಟ್ಟುಕೊಡುತ್ತಿದ್ದಾನೆ, ಅದೂ ಹೆಂಡತಿಯ ಒಂದು ಮಿಷಿನ್ನಿಗಾಗಿ. ಟೈಲರಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಅಳುವೂ ಬಂತು. ಮೂರರಲ್ಲಿ ಸಿಟ್ಟೇ ಅವಳಿಗೆ ಸುಲಭ.

“ದೊಡ್ಡ ತ್ಯಾಗಮೂರ್ತಿ! ಮೇಸ್ತ್ರಿ, ನಿನ್ನ ಗಾಡಿ ತಗೊಂಡು ಹೋಗು. ಎರಡೂ ಗೋಡೆಗೆ ಹಿಡಿಕೆ ಬಡಿ. ನನಗೆ ಬೇರೆ ಏನಿದೆ ಹೇಳು.”

ಇದ್ದದ್ದು ಒಂದು ಕೋಲು. ಅದರ ಬುಡಕ್ಕೆ ಅರ್ಧ ಮೆಟ್ಟಿಲೆತ್ತರದ ಪುಟ್ಟ ಮಣೆ. ಮಣೆಯನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, ಅದರ ಮೇಲೊಂದು ಹೆಜ್ಜೆ, ಆಮೇಲೆ ಮೆಟ್ಟಿಲಿಗೊಂದು. ಹದಿನಾಲ್ಕು ಮೆಟ್ಟಿಲು ಇಪ್ಪತ್ತೆಂಟಾಗುತ್ತದೆ, ಒಂದೊಂದೂ ಅರ್ಧ ನೋವಿನದು.

ಗಡುವು ಮುಗಿಯುವ ದಿನ ಬೆಳಗ್ಗೆ ಮಗಳು ಕೆಳಗೆ ಕೈಕಟ್ಟಿ ನಿಂತಿದ್ದಳು. ಅಂಚೆಯಣ್ಣ ಬಲಗಡೆಯ ಹಿಡಿಕೆ ಹಿಡಿದು ಮೊದಲು ಇಳಿದ, ಮಗಳನ್ನು ಮಾತಾಡಿಸದೆ ಸೀದಾ ಬೀದಿಗೆ ಹೋದ. ಟೈಲರಮ್ಮ ಮೂರು ನಿಮಿಷದಲ್ಲಿ ಏಳು ಮೆಟ್ಟಿಲು ಇಳಿದು ನಿಂತಳು. ಹಣೆಯೆಲ್ಲ ಬೆವರು.

ಮಗಳ ಸಿಟ್ಟು ಇಳಿದುಹೋಗಿತ್ತು. “ಅಮ್ಮಾ, ಸಾಕು. ಯಾರಿಗೋಸ್ಕರ ಇದೆಲ್ಲ? ವಾಪಸ್ ಹೋಗು.”

ಟೈಲರಮ್ಮ ಹಿಂದೆ ನೋಡಿದಳು, ಮುಂದೆ ನೋಡಿದಳು.

“ಆ ಕಡೆಗೂ ಏಳು, ಈ ಕಡೆಗೂ ಏಳು. ನೋಡ್ತಾ ನಿಲ್ಲಬೇಡ, ಹೋಗಿ ಅಂಗಡಿ ಶಟರ್ ಎತ್ತು.”

ಮಗಳು ಕಣ್ಣೊರೆಸಿಕೊಂಡು ಹೋಗಿ ಎರಡೂ ಕೈಯಲ್ಲಿ ಶಟರ್ ಎತ್ತಿದಳು.