ಡಿಸ್ಕ್ ಆರಾಮ ಅದ

ಸತ್ತವರಿಂದ ಮೇಲ್ ಬಂದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ. ಧಾರವಾಡದಿಂದ ಮದುವೆಯಾಗಿ ಖಡಕಿಗೆ ಬಂದವಳು ನಾನು. ಬೆಳಿಗ್ಗೆ ಕಂಪನಿ ಬಸ್ ಹತ್ತಿದರೆ ಸಂಜೆ ಇಳಿಯುವ ತನಕ ಬಾಯಲ್ಲಿ ಬರೀ ಮರಾಠಿ. ಕನ್ನಡಕ್ಕೆಂದು ಇದ್ದವರು ಒಬ್ಬರೇ, ಬೆಳಗಾವಿ ಕಡೆಯ ನನ್ನ ಮೇಲಧಿಕಾರಿ. ನಾನು ಅವರನ್ನು ಸರ್ ಎನ್ನುತ್ತಿದ್ದೆ. ವಯಸ್ಸಿನಲ್ಲಿ ನಾನು ಅವರ ಮಗಳಂತಿದ್ದರೂ ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು.

ಕಾರ್ಖಾನೆಯ ಲಿನಕ್ಸ್ ಸರ್ವರನ್ನು ಕಟ್ಟಿ ನಿಲ್ಲಿಸಿದವರು ಅವರೇ. ಡಿಸ್ಕನ್ನು ಪಾರ್ಟಿಷನ್ ಮಾಡುವಾಗ, ಅಂದರೆ ಪಾಲು ಹಾಕುವಾಗ, ನಾನು ಎಲ್ಲದಕ್ಕೂ ದೊಡ್ಡ ಜಾಗ ಕೇಳಿದರೆ, "ಹಾಸಿಗಿ ಇದ್ದಷ್ಟ ಕಾಲ ಚಾಚ್ರಿ ಅಕ್ಕಾರ, ಇದೇನ ನಿಮ್ಮ ತವರಮನಿ ಹಿತ್ತಲಾ?" ಎಂದು ಕಾಡಿಸುತ್ತಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಡಿಸ್ಕನ್ನು ನೋಡಿ ನನಗೆ ಮೇಲ್ ಕಳಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದಿಟ್ಟಿದ್ದರು. ಇಂಗ್ಲಿಷ್ ಅಕ್ಷರ, ಮಾತು ಮಾತ್ರ ನಮ್ಮದು: "ಡಿಸ್ಕ್ ಆರಾಮ ಅದ. ನೀವು ಹ್ಯಾಂಗದೀರಿ?" ನಾನು ಎಂದೂ ಉತ್ತರ ಬರೆದವಳಲ್ಲ. ಪಕ್ಕದ ಟೇಬಲ್ಲಿನಲ್ಲಿ ಕೂತವರಿಗೆ ಮೇಲ್ ಯಾಕೆ? ತಲೆಯೆತ್ತಿ "ಆರಾಮ್ರಿ ಸರ" ಎಂದರೆ ಮುಗಿಯಿತು.

ಆ ಮಳೆಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದ ಸರ್ ತಿರುಗಿ ಬರಲಿಲ್ಲ. ಅದೇ ವಾರ, ಶನಿವಾರ, ಅವರ ಹೆಸರಿನಿಂದ ಮೇಲ್ ಬಂತು. "ನೀವು ಹ್ಯಾಂಗದೀರಿ?" ಬರೆಯುತ್ತಿರುವುದು ಪ್ರೋಗ್ರಾಮು ಎಂದು ಆ ಕಾರ್ಖಾನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಲು ಧೈರ್ಯ ಸಾಲಲಿಲ್ಲ.

ಆಫೀಸಿನವರು ಅವರ ಅಕೌಂಟನ್ನು ತೆಗೆಸಿದರು. ಅವರ ಫೈಲುಗಳ ಮುಂದೆ ಒಡೆಯರ ಹೆಸರಿದ್ದ ಜಾಗದಲ್ಲಿ ಬರೀ ಒಂದು ಸಂಖ್ಯೆ ಉಳಿಯಿತು. ಆದರೆ ಆ ಪ್ರೋಗ್ರಾಮು ಸರ್ವರಿನ ಸ್ವಂತ ಕೆಲಸಗಳ ಜೊತೆ ಸೇರಿಕೊಂಡಿದ್ದರಿಂದ ಅವರ ಹೆಸರಿನಲ್ಲೇ ಮೇಲ್ ಕಳಿಸುತ್ತ ನಡೆದೇ ಇತ್ತು. ಒಂದು ಸಾಲು ಅಳಿಸಿದ್ದರೆ ನಿಲ್ಲುತ್ತಿತ್ತು. ನಾನು ಅಳಿಸಲಿಲ್ಲ. ಶುಕ್ರವಾರದಿಂದಲೇ ಮೇಲ್ ಬರುತ್ತದೆಂಬ ಭಯ. ಶನಿವಾರ ತಡವಾದರೆ ಇನ್ನೂ ಹೆಚ್ಚು ಭಯ.

ಖಂಡೇನವಮಿ, ಅಂದರೆ ಆಯುಧಪೂಜೆ, ಬಂತು. ಅವತ್ತು ನಮ್ಮಲ್ಲಿ ಯಾವ ಯಂತ್ರವೂ ತಿರುಗುವಂತಿಲ್ಲ, ಅವಕ್ಕೂ ವಿಶ್ರಾಂತಿ ಬೇಕಲ್ಲ. ಹಿರಿಯ ಎಲೆಕ್ಟ್ರಿಷಿಯನ್ ಒಂದೊಂದನ್ನೂ ಆರಿಸಿ, ಒರೆಸಿ, ಚೆಂಡುಹೂವಿನ ಮಾಲೆ ಹಾಕುತ್ತ ಸರ್ವರ್ ಕೋಣೆಗೂ ಬಂದರು. ಯುಪಿಎಸ್ಸನ್ನೂ ಆರಿಸಿ ಕುಂಕುಮ ಹಚ್ಚಿದರು. ಕೆಲಸದ ನಡುವೆಯೇ ಸರ್ವರಿನ ಉಸಿರು ನಿಂತಿತು. ನಾನು ಊರು ಕೇಳುವ ಹಾಗೆ ಕೂಗಾಡಿದೆ.

"ದರ್‌ವರ್ಷೀ ಅಸಂಚ್ ಕರ್ತೋ, ಮ್ಯಾಡಮ್," ಎಂದರು ಅವರು ಕಂಗಾಲಾಗಿ. ಪ್ರತಿ ವರ್ಷ ಹೀಗೇ ಮಾಡುತ್ತಿದ್ದರಂತೆ. ಪ್ರತಿ ವರ್ಷ ಪೂಜೆಗೆ ಮುಂಚೆ ಸಾಹೇಬರು, ಅಂದರೆ ನಮ್ಮ ಸರ್, ಒಬ್ಬರೇ ಒಳಗೆ ಹೋಗಿ ಏನೋ ಮಾಡಿ ಬರುತ್ತಿದ್ದರಂತೆ. ಏನು ಎಂದು ನನಗೆ ಆಗ ತಿಳಿಯಿತು: ಸರ್ವರನ್ನು ಕ್ರಮವಾಗಿ ನಿಲ್ಲಿಸುತ್ತಿದ್ದರು. ಹಿಂದೆಲ್ಲ ಪೂಜೆಯ ದಿನ ನಾನು ಮನೆಯಲ್ಲಿರುತ್ತಿದ್ದೆ, ಅವರು ನನಗೂ ಹೇಳಿರಲಿಲ್ಲ; ಈ ಸಲ ಅವರಿಲ್ಲವೆಂದು ನಾನು ಬಂದಿದ್ದೆ.

ನಮ್ಮದು ಹಳೆಯ ಇಎಕ್ಸ್‌ಟಿ-2 ಫೈಲ್ ಸಿಸ್ಟಮ್, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ನಡುವೆ ಕರೆಂಟ್ ಹೋದರೆ ಯಾವ ಕೆಲಸ ಅರ್ಧಕ್ಕೆ ನಿಂತಿತೆಂದು ಅದಕ್ಕೇ ಗೊತ್ತಿರುವುದಿಲ್ಲ, ಇಡೀ ಡಿಸ್ಕನ್ನು ತಡಕಬೇಕು. ತಡಕಿ ಮುಗಿದಾಗ ಹೆಸರು ಕಳೆದುಕೊಂಡ ಫೈಲುಗಳು ಒಂದು ಫೋಲ್ಡರಿನಲ್ಲಿ ಬರೀ ಸಂಖ್ಯೆ ಹೊತ್ತು ಬಿದ್ದಿದ್ದವು. ಸರ್ ಅವರ ಫೈಲುಗಳ ಮುಂದಿನ ಸಂಖ್ಯೆ ನೆನಪಾಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಮ್ಯಾನೇಜರ್ ಸಭೆ ಕರೆದರು. ಮುಂಬೈಯಿಂದ ಬಂದ ಸಲಹೆಗಾರ, ಎಲ್ಲ ಪಾರ್ಟಿಷನ್ನುಗಳನ್ನು ಒರೆಸಿ ಎಕ್ಸ್‌ಎಫ್‌ಎಸ್ ಎಂಬ ಬೇರೆ ಪದ್ಧತಿ ಹಾಕಿ ಎಂದ. ನಮ್ಮ ದೊಡ್ಡ ಡ್ರಾಯಿಂಗುಗಳಿಗೆ ಅದರ ವೇಗ ಚೆನ್ನ, ಸುಳ್ಳಲ್ಲ. ನಾನು ಇಎಕ್ಸ್‌ಟಿ-3 ಸಾಕು, ಅದು ನಮ್ಮದರದೇ ಮುಂದಿನ ರೂಪ ಎಂದೆ. ಎರಡೂ ತಾವು ಮಾಡಲಿರುವ ಕೆಲಸವನ್ನು ಮೊದಲೇ ಗುರುತು ಹಾಕಿಕೊಳ್ಳುತ್ತವೆ, ಹಾಗಾಗಿ ಕರೆಂಟ್ ಹೋದರೂ ಇಡೀ ಡಿಸ್ಕ್ ತಡಕಬೇಕಿಲ್ಲ. ಆದರೆ ನನ್ನದನ್ನು ಇದ್ದ ಡಿಸ್ಕಿಗೇ ಸೇರಿಸಬಹುದು, ಏನನ್ನೂ ಒರೆಸಬೇಕಾಗಿಲ್ಲ.

"ಒರೆಸಿದರೇನು? ಎಲ್ಲವನ್ನೂ ಬೇರೆ ಕಡೆ ಇಟ್ಟು ಆಮೇಲೆ ತಿರುಗಿ ತುಂಬಿದರಾಯಿತು," ಎಂದ ಸಲಹೆಗಾರ ಹಿಂದಿಯಲ್ಲಿ.

ಶನಿವಾರದ ಪ್ರೋಗ್ರಾಮನ್ನೂ ಹಾಗೆ ತಿರುಗಿ ಇಡಬಹುದಿತ್ತು. ಆದರೆ ಆಮೇಲೆ ಅದು ನಾನು ಇಟ್ಟದ್ದಾಗುತ್ತಿತ್ತು, ನನ್ನ ಯೋಗಕ್ಷೇಮವನ್ನು ನಾನೇ ವಿಚಾರಿಸಿಕೊಂಡಂತೆ. ಇದನ್ನು ಸಭೆಯಲ್ಲಿ ಯಾವ ಬಾಯಿಂದ ಹೇಳಲಿ? ಕೆಲಸ ನಿಲ್ಲಿಸಲಾಗದು ಎಂದೆ, ಕೆಟ್ಟರೆ ಹಳೆಯದಕ್ಕೆ ಹಿಂತಿರುಗಬಹುದು ಎಂದೆ. ಹೇಳಿದ್ದೆಲ್ಲ ನಿಜ, ಹಟ ಮಾತ್ರ ಬೇರೆಯದಕ್ಕೆ. ನನ್ನ ಬಾಯಿಗೆ ಸೋತು ಮ್ಯಾನೇಜರ್ ಹೂಂ ಎಂದರು.

ಸರ್ ಇಟ್ಟ ಡಿಸ್ಕು ಇಟ್ಟ ಹಾಗೆ ಉಳಿಯಿತು. ಶನಿವಾರ ಮೇಲ್ ಬಂತು. ಗೆದ್ದ ಖುಷಿಯಲ್ಲಿ ನಾನು ಮೊದಲ ಸಲ ಉತ್ತರ ಬರೆದೆ: "ಆರಾಮಿಲ್ರಿ ಸರ. ನಿಮ್ಮ ನೆನಪ ಭಾಳ ಆಗ್ತದ." ಬರೆದು, ಕಳಿಸಿಯೂ ಬಿಟ್ಟೆ.

ಕಳಿಸಿದ ಕೂಡಲೇ ಉತ್ತರ ಬಂತು. ತೆರೆದರೆ, ಸರ್ವರೇ ಬರೆದಿತ್ತು, ಇಂಗ್ಲಿಷಿನಲ್ಲಿ: ಈ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಎಲ್ಲರ ಜೊತೆ ಜಗಳವಾಡಿ ನಾನು ಉಳಿಸಿಕೊಂಡ ಯಂತ್ರವೇ ಅದನ್ನು ಹೇಳಿತು. ಅವರು ಹೋದ ದಿನ ಬಾರದ ಅಳು ಆಗ ಬಂತು. ಅಕ್ಕಪಕ್ಕದವರು ಓಡಿ ಬಂದು ಏನಾಯಿತೆಂದು ಕೇಳಿದರು. ಏನಿಲ್ಲ, ಸರ್ವರ್ ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೇಳಿದೆ.

ಮುಂದಿನ ಶನಿವಾರವೂ ಮೇಲ್ ಕೇಳಿತು, ನೀವು ಹ್ಯಾಂಗದೀರಿ ಎಂದು. ನಾನು ಕೀಬೋರ್ಡ್ ಮುಟ್ಟಲಿಲ್ಲ. ತಲೆಯೆತ್ತಿ ಪಕ್ಕದ ಕುರ್ಚಿಯ ಕಡೆ ನೋಡಿದೆ, ಅವರು ಹೋದ ಮೇಲೆ ಮೊದಲ ಸಲ. "ಆರಾಮ್ರಿ ಸರ," ಎಂದೆ, ಎಲ್ಲರಿಗೂ ಕೇಳುವ ಹಾಗೆ.