ಸೋಲಾರ್ ಪ್ಲೇಟಿಗೆ ವಿಭೂತಿ

ನನ್ನ ಮೊಮ್ಮಗಳು ನಮ್ಮ ಹೊಲದ ಮನೆಗೆ ಕರೆಂಟು ಮಾಡಿಕೊಟ್ಟಳು. ಈ ಮಾತು ಹೇಳದೆ ಈಗ ನನಗೆ ಯಾರ ಹತ್ತಿರವೂ ಮಾತು ಶುರು ಮಾಡಲು ಆಗುವುದಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ. ಈಗ ಬರೆದೂ ಇಡುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟ ಇರಬಹುದು, ಹೇಳುವುದರಲ್ಲಿ ಸುಳ್ಳಿಲ್ಲ.

ನಮ್ಮದು ಕುಣಿಗಲ್ ತಾಲ್ಲೂಕು. ಹುಲಿಯೂರುದುರ್ಗದ ಬೆಟ್ಟ ಕಾಣುವ ಇಳಿಜಾರಿನಲ್ಲಿ ಒಂದೂವರೆ ಎಕರೆ ಹೊಲ, ಅದರೊಳಗೆ ಒಂದೇ ಕೋಣೆಯ ಶೀಟಿನ ಮನೆ, ಪಕ್ಕದಲ್ಲಿ ಎರಡು ಹಸು ಕಟ್ಟುವ ಗಿಡ್ಡ ಕೊಟ್ಟಿಗೆ. ಕರೆಂಟಿನ ಕಂಬ ಊರಿನ ಕೊನೆಯಲ್ಲೇ ನಿಂತುಬಿಟ್ಟಿದೆ. ಅಲ್ಲಿಂದ ನಮ್ಮ ಹೊಲಕ್ಕೆ ಒಂದು ಮೈಲಿ. ಟಾರ್ಚು, ಮೇಣದ ಬತ್ತಿಯಲ್ಲೇ ನಾನೂ ಯಜಮಾನರೂ ಹತ್ತು ವರ್ಷ ಹಾಯಾಗಿ ಕಳೆದಿದ್ದೆವು.

ಹೋದ ಬೇಸಿಗೆಯ ಕೊನೆಗೆ ಯಜಮಾನರಿಗೆ ಉಬ್ಬಸ ಜಾಸ್ತಿಯಾಯಿತು. ಕುಣಿಗಲ್ಲಿನ ಡಾಕ್ಟರು ಒಂದು ಮಷೀನು ಬರೆದುಕೊಟ್ಟರು. ಅದು ಔಷಧಿಯನ್ನು ಹಬೆಯ ಹಾಗೆ ಮಾಡಿ, ಮೂಗು ಬಾಯಿಗೆ ಕಟ್ಟಿಕೊಳ್ಳುವ ಮುಚ್ಚಳಕ್ಕೆ ಕಳಿಸುತ್ತದೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಆದರೆ ಅದು ಓಡುವುದು ಕರೆಂಟಿನಿಂದ. ಹಾಗಾಗಿ ದಿನಕ್ಕೆ ಎರಡು ಸಲ ಊರಿನ ನೆಂಟರ ಮನೆಗೆ ನಡೆದುಹೋಗಿ ಹಬೆ ಹಿಡಿದು ಬರಬೇಕು. ವಾಪಸು ಏರು ಹತ್ತುವಷ್ಟರಲ್ಲಿ ಮತ್ತೆ ಎದೆ ಗೊರಗೊರ ಅನ್ನುತ್ತಿತ್ತು.

ಮಗ ತುಮಕೂರಿನಲ್ಲಿ ಮೇಷ್ಟ್ರು. ಬಾಡಿಗೆ ಮನೆ, ಎರಡನೇ ಮಹಡಿ. ಅಲ್ಲಿಗೇ ಬಂದುಬಿಡಿ ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಯಜಮಾನರು ಹಸುವಿನ ಕೊರಳಡಿಯ ಗಂಗೆದೊಗಲು ಸವರುತ್ತಾ, "ಇವನ್ನ ಎಲ್ಲಿ ಕಟ್ಲಿ, ನಿನ್ ಬಾಲ್ಕನೀಲಾ?" ಅಂತ ಕೇಳಿದರು. ಆಮೇಲೆ ಎರಡು ದಿನ ಅವರು ಮುದ್ದೆ ಸರಿಯಾಗಿ ತಿನ್ನಲಿಲ್ಲ.

ಆಗ ಬಾಯಿ ಹಾಕಿದವಳು ಮಗನ ಮಗಳು. ಡಿಪ್ಲೊಮಾ ಓದಿ ತುಮಕೂರಿನಲ್ಲೇ ಯುಪಿಎಸ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹೊಲದಲ್ಲೇ ಕರೆಂಟು ಮಾಡಿ ತಾತನ ಮಷೀನು ಓಡಿಸಿ ತೋರಿಸುತ್ತೇನೆ ಅಂದಳು. ಅವಳಪ್ಪ ಕಾರ್ತಿಕದವರೆಗೂ ಗಡುವು ಕೊಟ್ಟ.

"ಓಡಿದ್ರೆ ಅವ್ರು ಅಲ್ಲೇ ಇರ್ಲಿ. ಓಡ್ದಿದ್ರೆ ಕರ್ಕೊಂಡ್ ಬರ್ತೀನಿ. ಆಮೇಲೆ ನೀನು ಮಧ್ಯ ಬರಂಗಿಲ್ಲ," ಅಂದ.

ಅಲ್ಲಿಂದ ಪ್ರತಿ ಭಾನುವಾರ ಅವಳು ಏನಾದರೂ ಹೊತ್ತುಕೊಂಡು ಬಸ್ಸಿಳಿಯುತ್ತಿದ್ದಳು. ಗುಬ್ಬಿಯ ಗುಜರಿಯಿಂದ ಕರೆಂಟು ಸ್ಕೂಟರಿನ ಹಳೇ ಚಕ್ರ ತಂದಳು. ಮೋಟರು ಆ ಚಕ್ರದ ಹೊಟ್ಟೆಯೊಳಗೇ ಇರುತ್ತದಂತೆ. ಕರೆಂಟು ಕೊಟ್ಟರೆ ಚಕ್ರ ತಿರುಗುತ್ತೆ, ನಾವೇ ಚಕ್ರ ತಿರುಗಿಸಿದರೆ ಅದು ಕರೆಂಟು ಕೊಡುತ್ತೆ ಅಂದಳು. ನಾನು ನಂಬಲಿಲ್ಲ. ಎರಡು ವೈರಿಗೆ ಸಣ್ಣ ಬಲ್ಬು ಸಿಕ್ಕಿಸಿ ನನ್ನ ಕೈಯಲ್ಲೇ ಚಕ್ರ ತಿರುಗಿಸಿದಳು. ರಾಗಿಕಲ್ಲು ಬೀಸಿದ ಕೈ ನನ್ನದು. ಬಲ್ಬು ಹತ್ತಿತು. ಆ ಗಳಿಗೆ ನನಗೆ ಏನಾಯಿತು ಅಂತ ಬರೆಯಲು ನನ್ನ ಓದು ಸಾಲದು.

ಗಾಳಿಗೇ ಆ ಚಕ್ರ ತಿರುಗಲಿ ಅಂತ ಬೋರಿನ ಹಳೇ ಪೈಪು ಸೀಳಿ ಅದಕ್ಕೆ ಮೂರು ರೆಕ್ಕೆ ಮಾಡಿದಳು. ಅಂಚು ಉಜ್ಜಿ ನುಣುಪು ಮಾಡುವ ಕೆಲಸ ನನ್ನದು. ಮೊದಲ ಸಲ ರೆಕ್ಕೆಗಳನ್ನು ತಿರುವುಮುರುವು ಕೂರಿಸಿದ್ದಳು. ಬೆಟ್ಟದ ಕಡೆಯಿಂದ ಜೋರು ಗಾಳಿ ಬಂದರೂ ಅದು ಅಲುಗಲಿಲ್ಲ. ಯಜಮಾನರು ಜಗಲಿಯಲ್ಲಿ ಕೂತು, "ಗಾಳಿಗೆ ಬೆನ್ನು ಹಾಕ್ಕೊಂಡ್ ಕೂತದೆ ಕಣವ್ವ, ಥೇಟ್ ನಿಮ್ಮಪ್ಪನಂಗೆ," ಅಂದರು. ಬಿಚ್ಚಿ ಸರಿಮಾಡಿದಳು. ಆಷಾಢದ ಗಾಳಿಗೆ ಅದು ತಿರುಗಿದ ರಭಸಕ್ಕೆ ಹಸುಗಳು ಹಗ್ಗ ಜಗ್ಗಾಡಿದವು.

ಆದರೆ ಆಷಾಢದ ಗಾಳಿ ವರ್ಷವಿಡೀ ಇರುವುದಿಲ್ಲ. ಅದಕ್ಕೆ ತುಮಕೂರಿನ ಗುಜರಿಯಲ್ಲಿ ಬೀದಿ ದೀಪದಿಂದ ಬಿಚ್ಚಿದ ಒಂದು ಸೋಲಾರ್ ಪ್ಲೇಟು ಹುಡುಕಿ ತಂದು ಕೊಟ್ಟಿಗೆಯ ಶೀಟಿನ ಮೇಲೆ ಕೂರಿಸಿದಳು. ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಇನ್ವರ್ಟರನ್ನು ರಿಪೇರಿ ಮಾಡಿದಳು. ಒಂದು ಬ್ಯಾಟರಿ ಇಟ್ಟಳು, ಅದರ ಪಕ್ಕ ನಂಬರು ತೋರಿಸುವ ಸಣ್ಣ ಮೀಟರು. ಬಿಸಿಲಲ್ಲಿ ಹದಿಮೂರರ ಮೇಲಿದ್ದರೆ ಹೊಟ್ಟೆ ತುಂಬುತ್ತಿದೆ ಅಂತ ಅರ್ಥ, ಹನ್ನೆರಡರ ಕೆಳಗೆ ಹೋದರೆ ನನಗೆ ಫೋನು ಮಾಡು ಅಂದಳು. ದೀಪಾವಳಿಗೆ ಬಂದಾಗ ಮಷೀನನ್ನು ಒಂದು ಸಲ ಓಡಿಸಿ ನೋಡಿದೆವು, ಓಡಿತು. ಮುಂದಿನ ಭಾನುವಾರ ಅಪ್ಪನನ್ನೂ ಕರೆದುಕೊಂಡು ಬಂದು ತೋರಿಸುತ್ತೇನೆ ಅಂತ ಕುಣಿಯುತ್ತಾ ಹೋದಳು.

ಮಾರನೆಯ ದಿನ ಕಾರ್ತಿಕ ಸೋಮವಾರ. ನಮ್ಮ ಮನೆಯಲ್ಲಿ ಹೊಸದು ಏನೇ ಬರಲಿ, ಗುದ್ದಲಿಯಾಗಲಿ ಹಾಲಿನ ಕ್ಯಾನಾಗಲಿ, ಮೂರು ಬೆರಳು ವಿಭೂತಿ ಎಳೆಯದೆ ಬಳಸುವುದಿಲ್ಲ. ಪ್ಲೇಟಿಗೆ ಮಾತ್ರ ಅದು ಆಗಿರಲಿಲ್ಲ. ಅಜ್ಜಿ ಏಣಿ ಹತ್ತಬೇಡ ಅಂತ ಅವಳು ಆಣೆ ಹಾಕಿಸಿದ್ದಳು. ನನ್ನ ಮನಸ್ಸು ಕೇಳಲಿಲ್ಲ. ಕೊಟ್ಟಿಗೆ ಗಿಡ್ಡ, ಎರಡೇ ಮೆಟ್ಟಿಲು. ಹತ್ತಿ, ಪ್ಲೇಟನ್ನು ನೀರು ಹಾಕಿ ತೊಳೆದು ಒರೆಸಿದೆ. ಯಡಿಯೂರಿನಿಂದ ತಂದ ವಿಭೂತಿ ಗಟ್ಟಿ ತೇದು ಆ ತುದಿಯಿಂದ ಈ ತುದಿಗೆ ಮೂರು ಗೆರೆ ಎಳೆದೆ. ನಡುವೆ ಕುಂಕುಮ ಇಟ್ಟೆ. ಕೆಳಗಿನ ಅಂಚಿಗೆ ಚೆಂಡು ಹೂವಿನ ಹಾರ ಕಟ್ಟಿದೆ. ಕರೀ ಪ್ಲೇಟು ಮದುಮಗನ ಹಾಗೆ ಕಾಣುತ್ತಿತ್ತು.

ಆ ದಿನದಿಂದ ಯಜಮಾನರು ಎರಡು ಹೊತ್ತೂ ಮನೆಯಲ್ಲೇ ಹಬೆ ಹಿಡಿಯತೊಡಗಿದರು. ಮಧ್ಯಾಹ್ನ ನೋಡಿದರೆ ಮೀಟರಿನಲ್ಲಿ ಹನ್ನೆರಡೂವರೆಗಿಂತ ಕಮ್ಮಿ. ಸಂಜೆ ಫೋನಿನಲ್ಲಿ ಹೇಳಿದೆ. ಮೋಡ ಇರಬಹುದು ಅಂದಳು. ಮಂಗಳವಾರ ಇನ್ನೂ ಇಳಿಯಿತು. ದೇವರಿಗೆ ಏನೋ ಕೊರತೆಯಾಗಿದೆ ಅಂದುಕೊಂಡು ನಾನು ಮತ್ತೆ ತೊಳೆದು ಇನ್ನೂ ದಪ್ಪಗೆ ವಿಭೂತಿ ಬಳಿದೆ. ಬುಧವಾರ ಎರಡು ಹಾರ ಹಾಕಿದೆ. ನಂಬರು ಇಳಿದಷ್ಟೂ ನನ್ನ ಪೂಜೆ ಏರಿತು. ಗಾಳಿ ಪೂರ್ತಿ ಬಿದ್ದುಹೋಗಿತ್ತು, ಮೋಟರಿನ ರೆಕ್ಕೆ ಅಲುಗುತ್ತಿರಲಿಲ್ಲ. ಗುರುವಾರ ಇನ್ವರ್ಟರು ಕುಂಯ್ ಅಂತ ಅತ್ತು ನಿಂತುಹೋಯಿತು.

ಫೋನಿನಲ್ಲಿ ಅವಳ ದನಿ ಸಣ್ಣಗಾಗಿತ್ತು.

"ಪ್ಲೇಟ್ ಮೇಲೆ ಏನಾದ್ರೂ ಬಿದ್ದಿದ್ಯಾ ಅಜ್ಜಿ? ಎಲೆ, ಹಕ್ಕಿ ಗಲೀಜು?"

"ಏನೂ ಇಲ್ಲ ಕಣವ್ವ. ದಿನಾ ನಾನೇ ತೊಳೀತಿದೀನಿ, ಕನ್ನಡಿಯಂಗದೆ."

ಸುಳ್ಳು ಹೇಳಬೇಕು ಅಂತ ಅಲ್ಲ. ಪೂಜೆಯನ್ನು ಯಾರಾದರೂ ಫೋನಿನಲ್ಲಿ ವರದಿ ಮಾಡುತ್ತಾರೆಯೇ? ಹಾಗಾದರೆ ಪ್ಲೇಟೇ ಸತ್ತಿದೆ, ಗುಜರಿ ಮಾಲು ನಂಬಿ ನಾನೇ ಕೆಟ್ಟೆ ಅಂತ ಅವಳು ಅತ್ತಳು. ತನ್ನ ಅಪ್ಪನಿಗೂ ಸೋತೆ ಅಂತ ಹೇಳಿಬಿಟ್ಟಳು.

ಭಾನುವಾರ ಮಗ ಗೂಡ್ಸ್ ಆಟೋ ಮಾಡಿಕೊಂಡೇ ಬಂದ. ನಾನು ಟ್ರಂಕು, ಹಾಸಿಗೆ ಕಟ್ಟಿ ಹೊರಗೆ ಇಟ್ಟಿದ್ದೆ. ಹಸುಗಳನ್ನು ನೆಂಟರಿಗೆ ಒಪ್ಪಿಸುವುದು ಅಂತ ಮಾತಾಗಿತ್ತು. ಯಜಮಾನರು ಕೊಟ್ಟಿಗೆಯಿಂದ ಈಚೆಗೇ ಬರಲಿಲ್ಲ. ಅವನ ಜೊತೆ ಬಂದಿದ್ದ ಮೊಮ್ಮಗಳು ಯಾರ ಮುಖವನ್ನೂ ನೋಡದೆ, ಪ್ಲೇಟು ಬಿಚ್ಚಿಕೊಂಡು ಹೋಗಲು ಸ್ಪ್ಯಾನರು ಹಿಡಿದು ಏಣಿ ಹತ್ತಿದಳು. ಹತ್ತಿದವಳು ಹಾಗೇ ನಿಂತುಬಿಟ್ಟಳು.

"ಅಜ್ಜೀ, ಇದೇನಜ್ಜಿ?"

"ಪೂಜೆ ಕಣವ್ವ. ನೀನು ಬಿಚ್ತೀಯ ಅಂತ ಇವತ್ತು ಮೂರು ಹಾರ ಹಾಕಿದೀನಿ."

ಅವಳು ಏಣಿಯ ಮೆಟ್ಟಿಲ ಮೇಲೇ ಕೂತು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬೇರೆ. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. ಪ್ಲೇಟಿನ ಒಳಗಿನ ಚೌಕಗಳು ಸಾಲಾಗಿ ನಿಂತು ಮಣ್ಣಿನ ಮಂಕರಿಯನ್ನು ಕೈಯಿಂದ ಕೈಗೆ ದಾಟಿಸುವ ಆಳುಗಳ ಹಾಗೆ. ಕೆಳಗಿನ ಸಾಲಿಗೆ ಹೂವಿನ ನೆರಳು ಬಿದ್ದು ಅವರು ಕೈಕಟ್ಟಿ ನಿಂತರೆ, ಮೇಲಿನವರು ಎಷ್ಟು ದುಡಿದರೂ ಮಂಕರಿ ಮುಂದಕ್ಕೆ ಹೋಗುವುದಿಲ್ಲ. ವಿಭೂತಿ ಬೇರೆ ಬಿಸಿಲನ್ನೇ ತಡೆದಿದೆ.

ನನ್ನ ಜೀವ ಹಿಡಿಯಷ್ಟಾಯಿತು. ಯಜಮಾನರನ್ನು ಈ ಹೊಲದಿಂದ ಎಬ್ಬಿಸಲು ಹೊರಟಿದ್ದು ಮಗನೂ ಅಲ್ಲ, ಗುಜರಿ ಪ್ಲೇಟೂ ಅಲ್ಲ, ನನ್ನ ಈ ಮೂರು ಬೆರಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಯಜಮಾನರು ಕೊಟ್ಟಿಗೆಯೊಳಗಿಂದಲೇ, "ಐವತ್ತು ವರ್ಷದಿಂದ ನನ್ನನ್ನೂ ಹಿಂಗೇ ನೋಡ್ಕೊಂಡವ್ಳೆ ಬುಡು ಮಗಾ. ನಾನು ಬದುಕಿಲ್ವಾ?" ಅಂದರು. ನಕ್ಕ ರಭಸಕ್ಕೆ ಅವರಿಗೆ ಕೆಮ್ಮು ಬಂತು.

ಪ್ಲೇಟನ್ನು ನಾನೂ ಅವಳೂ ತೊಳೆದೆವು. ನೆತ್ತಿಯ ಮೇಲೆ ಬಿಸಿಲು. ಮೀಟರು ನಿಧಾನವಾಗಿ ಏರತೊಡಗಿತು. ಮಗ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತವನು ಏಳಲಿಲ್ಲ. ಆಟೋದವನಿಗೂ ಸೇರಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದೆ. ಮಗ ತನ್ನ ತಟ್ಟೆಯನ್ನೂ ಮೀಟರಿನ ಮುಂದಕ್ಕೇ ತರಿಸಿಕೊಂಡ. ಊಟ ಮುಗಿಯುವ ಹೊತ್ತಿಗೆ ಹದಿಮೂರು ದಾಟಿತ್ತು. ಮೊಮ್ಮಗಳು ಇನ್ನೂ ಒಂದು ಗಂಟೆ ಕಾಯಿಸಿ, ಆಮೇಲೆ ಮಷೀನಿನ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದಳು.

ಗುರ್ ಅಂದಿತು. ಯಜಮಾನರು ಮುಚ್ಚಳ ಹಿಡಿದು ಕೂತರು. ಮಗ ವಾಚು ನೋಡುತ್ತಾ ನಿಂತ. ಹತ್ತು ನಿಮಿಷ ಹಬೆ ಎಲ್ಲೂ ಕಡಿಯಲಿಲ್ಲ. ಮುಗಿದ ಮೇಲೆ ಮಗ ಹೊರಗೆ ಹೋದ. ಟ್ರಂಕನ್ನು ಹೆಗಲ ಮೇಲೆ ಹೊತ್ತು ತಂದು, ಅದು ಮೊದಲಿದ್ದ ಮೂಲೆಯಲ್ಲೇ ಇಟ್ಟ. "ಅವ್ವಾ, ಕಾಫಿ ಇಡು," ಅಂದ. ನನಗೆ ಅಷ್ಟು ಸಾಕಾಗಿತ್ತು.

ಕಾಫಿ ಇಟ್ಟು ಬರುವಷ್ಟರಲ್ಲಿ ಮೊಮ್ಮಗಳು ಆ ಮೂರೂ ಹಾರಗಳನ್ನು ಕೊಟ್ಟಿಗೆಯ ಕಂಬಕ್ಕೆ ಸುತ್ತಿದ್ದಳು, ಪ್ಲೇಟಿನ ಕೆಳಗೆ, ನೆರಳು ಯಾರಿಗೂ ಬೀಳದ ಕಡೆ. ನನ್ನ ವಿಭೂತಿ ಗಟ್ಟಿ ತೇದು ತನ್ನ ಕೈಯಾರೆ ಕಂಬಕ್ಕೆ ಮೂರು ಬೆರಳು ಎಳೆದಿದ್ದಳು. ಈಗ ಪ್ರತಿ ಸೋಮವಾರ ಪೂಜೆ ಅಲ್ಲಿಗೇ. ಅವಳ ಗೆರೆಗಳು ನನ್ನವಕ್ಕಿಂತ ನೆಟ್ಟಗಿದ್ದವು. ಡಿಪ್ಲೊಮಾ ಓದಿದ ಕೈ ಅಲ್ಲವೇ.