ಎಲ್ಲಿಟ್ಟರೂ ತೆರೆಯಬೇಕು

ಕಳೆದ ವಾರ ಲ್ಯಾಬಿನ ಹಳೆಯ ಬೀರು ತೆಗೆದಾಗ ಬೆಸುಗೆಯ ರಾಳದ ವಾಸನೆ ಮೂಗಿಗೆ ಬಡಿಯಿತು. ಅಲ್ಲಿ ಕೂತು ತಂತಿ ಬೆಸೆಯುತ್ತಿದ್ದ ಮೇಡಂ ನೆನಪಾದರು. ಅಂದಿನಿಂದ ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ...

ಭಾಲ್ಕಿಯ ಪಾಲಿಟೆಕ್ನಿಕ್‌ನಲ್ಲಿ ಅವರು ನನಗಿಂತ ಹಿರಿಯ ಉಪನ್ಯಾಸಕಿ. ಮನೆ ಬೀದರಿನ ಚರ್ಚಿನ ಹಿಂದಿನ ಓಣಿಯಲ್ಲಿ, ದಿನವೂ ಓಡಾಟ. ತಂಗಿ ಔರಾದದ ಆಸ್ಪತ್ರೆಯೊಂದರಲ್ಲಿ ನರ್ಸು. ಕರೆಂಟು ಹೋಗಿ ಮಕ್ಕಳ ಲಸಿಕೆ ಕೆಟ್ಟಿತೆಂದು ಆಕೆ ಒಮ್ಮೆ ಅತ್ತಿದ್ದರಂತೆ. ಲಸಿಕೆಯ ಫ್ರಿಜ್ ಬಿಸಿಯಾದರೆ ಕೂಗುವ ಪುಟ್ಟ ಯಂತ್ರವೊಂದನ್ನು ಮೇಡಂ ತಾವೇ ಮಾಡಿಕೊಟ್ಟರು. ಅದರ ಪ್ರೋಗ್ರಾಂ ಇದ್ದದ್ದು ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಹೃದಯದ ಆಪರೇಷನ್ನಿಗೆ ಹೈದರಾಬಾದಿಗೆ ಹೊರಡುವ ಹಿಂದಿನ ದಿನ ಅದನ್ನು ನನ್ನ ಕಂಪ್ಯೂಟರಿಗೆ ಹಾಕಿದರು. ತೆರೆದರೆ ಸಾಲುಸಾಲು ಕೆಂಪು ಅಕ್ಷರ. ಫೈಲುಗಳೇ ಸಿಗುತ್ತಿಲ್ಲ.

“ಇದರಾಗ ಫೈಲ್ ಇರೂ ಜಾಗಕ್ಕ ನನ್ನ ಲ್ಯಾಪ್‌ಟಾಪಿನ ಹಾದಿನೇ ಬರ್ದೀನ್ರಿ. ಇಲ್ಲಿ ಬಂದ್ರೂ ನನ್ನ ಡಿ ಡ್ರೈವೇ ಹುಡಕ್ಲಕತ್ತದ,” ಎಂದರು.

“ವಾಪಸ್ ಬಂದ ಮ್ಯಾಲ ಮಾಡೋಣ್ರಿ ಮೇಡಂ. ಈಗ ಯಾಕ ತ್ರಾಸ?”

“ಔರಾದಕ್ಕ ಹೊಸ ಫ್ರಿಜ್ ಬರೂದದ. ಪ್ರೋಗ್ರಾಂ ಬದಲ್ ಮಾಡಬೇಕಾಗ್ತದ. ನಾ ಇಲ್ಲಂದ್ರೂ ತೆರೀಬೇಕಲ್ರಿ ಇದು.”

ಕೂತಲ್ಲಿ ಕೂರಲಿಲ್ಲ ಅವರು. ಏಳುವರು, ಕಿಟಕಿಯವರೆಗೆ ಹೋಗುವರು, ಮತ್ತೆ ಬಂದು ಕೂರುವರು. ಅಲ್ಲಲ್ಲಿ ಬಿದ್ದಿದ್ದ ಫೈಲುಗಳನ್ನು ಹುಡುಕಿ ಒಂದೇ ಫೋಲ್ಡರಿನೊಳಗೆ ತಂದರು. ಡಿ ಡ್ರೈವಿನ ಹೆಸರು ಅಳಿಸಿ, ಹಾದಿಗಳೆಲ್ಲ ಆ ಫೋಲ್ಡರಿನಿಂದಲೇ ಶುರುವಾಗುವಂತೆ ತಿದ್ದಿದರು. ಫೋಲ್ಡರಿಗೆ ಬೇರೆ ಹೆಸರಿಟ್ಟು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರು. ಬೀದರಿನ ಬಸ್ಸಿನ ಹೊತ್ತಾಗುತ್ತಿತ್ತು, ನನಗೆ ಅವರ ಏದುಸಿರಿನದೇ ಚಿಂತೆ. “ಈಗ ಎಲ್ಲಿಟ್ರೂ ನಡೀತದರಿ,” ಎಂದು ಹೊರಟರು.

ಆಪರೇಷನ್ ಆದ ಮೇಲೆ ಅವರು ಕಣ್ಣು ತೆರೆಯಲಿಲ್ಲ.

ಹೊಸ ಫ್ರಿಜ್ ಬಂದಾಗ ತಂಗಿ ಫೋನು ಮಾಡಿದರು. ಯಂತ್ರ ಕಾರಣವಿಲ್ಲದೆ ಕೂಗುತ್ತದೆ, ಆಸ್ಪತ್ರೆಯವರು ಅದರ ತಂತಿ ಕಿತ್ತಿಟ್ಟಿದ್ದಾರೆ, ನಾಳೆ ಲಸಿಕೆಯ ದಿನ ಎಂದರು. ಪೆನ್‌ಡ್ರೈವ್ ಹಿಡಿದು ಔರಾದದ ಬಸ್ಸು ಹತ್ತಿದೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಡಿ ಡ್ರೈವೇ ಇರಲಿಲ್ಲ. ಬೇಕಾದ ಸಾಫ್ಟ್‌ವೇರ್ ಹಾಕಿ ಮೇಡಂ ಫೋಲ್ಡರ್ ತೆರೆದೆ. ಒಂದು ಕೆಂಪಕ್ಷರವೂ ಬರಲಿಲ್ಲ. ಹೊಸ ಫ್ರಿಜ್ಜಿಗೆ ತಕ್ಕಂತೆ ತಿದ್ದಿ ಯಂತ್ರಕ್ಕೆ ತುಂಬಿದೆ, ತಂತಿ ಮತ್ತೆ ಸಿಕ್ಕಿಸಿದರೂ ಅದು ಕೂಗಲಿಲ್ಲ.

“ಅಕ್ಕ ಮಾಡಿದ್ದು ನಡೀತೇನ್ರಿ?” ತಂಗಿ ಕೇಳಿದರು.

“ನಡೀತ್ರಿ.”

ಅವರು ಮುಖ ತಿರುಗಿಸಿ ಲಸಿಕೆಯ ಡಬ್ಬಿ ಜೋಡಿಸತೊಡಗಿದರು.

ಈಗಲೂ ಏನಾದರೂ ಕೆಟ್ಟರೆ ಔರಾದದಿಂದ ಫೋನು ಬರುವುದು ನನಗೇ. ಹೋಗಿ ಸರಿಮಾಡುತ್ತೇನೆ. ಮರಳುವ ಬಸ್ಸಿನಲ್ಲಿ ಮಾತ್ರ, ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಲು ಯಾರೂ ಇಲ್ಲವಲ್ಲ ಎನ್ನಿಸಿ ಕೂರಲಾಗುವುದಿಲ್ಲ...